ಅಡಿಗೆಯ ಮನೆಯಲ್ಲಿ ದರ್ಶನಶಾಸ್ತ್ರ

‘ಮತ’ವೆಂಬ ಶಬ್ದವು ಸಂಸ್ಕೃತದ ‘ಮನ್’ ಎಂಬ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಎಣಿಸು, ಆಲೋಚಿಸು ಎಂದು ಅರ್ಥ. ಆದುದರಿಂದ ಒಬ್ಬನ ಮತವೆಂದರೆ ಅವನು ಆಲೋಚಿಸಿ ಒಪ್ಪಿಕೊಂಡುದು ಎಂದಾಗಬೇಕು. ಲೋಕರೂಢಿಯಲ್ಲಿ ಆ ಶಬ್ದಕ್ಕೆ ಬಂದಿರುವ ಗತಿಯೇ ಬೇರೆ. ‘ತಮ್ಮದು ಯಾವ ಮತ?’ ಎಂದು ಕೇಳಿದರೆ ನಮ್ಮ ಗೃಹಸ್ಥರು ತಂದೆಯ ಹೆಸರನ್ನು ಹೇಳುವಷ್ಟೇ ಸಲೀಸಾಗಿ ಉತ್ತರ ಕೊಡುವರು. ಉತ್ತರಕ್ಕೆ ಮುಂಚೆ ಆಲೋಚಿಸುವ ಶ್ರಮವನ್ನು ವಹಿಸುವವರು ವಿರಳ. ಚುನಾವಣೆಯಲ್ಲಿ ಗುಂಡಿಯೊತ್ತಿ ಕೊಡುವುದಕ್ಕೂ ಈಗ ಮತವೆಂದೇ ಹೆಸರು. ಅಲ್ಲಿ ಧಾತ್ವರ್ಥವು ಎಷ್ಟರಮಟ್ಟಿಗೆ ಉಳಿದಿದೆಯೆಂಬುದನ್ನು ವಾಚಕರೇ ಬಲ್ಲರು.

ಈ ತಿಂಗಳು ನಾವು ಈ ಶಬ್ದವನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ಶಿಗ್ಗಾವಿ ತಾಲೂಕಿನ ಗೃಹಸ್ಥರೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಅವರದು ಮಾಧ್ವ ಮನೆತನ. ಮಗನಿಗೆ ಸ್ಮಾರ್ತರ ಮನೆಯಿಂದ ಕನ್ಯೆಯನ್ನು ತಂದುಕೊಂಡಿದ್ದಾರೆ. ಹುಡುಗಿ ಓದಿದವಳು, ಸುಶೀಲೆ, ಅತ್ತೆಯೂ ಒಳ್ಳೆಯವರೇ. ಇತ್ತೀಚೆಗೆ ಒಂದು ಪಕ್ಷದಲ್ಲಿ ಸ್ಮಾರ್ತ ಏಕಾದಶಿ ಒಂದು ದಿನ, ಭಾಗವತ ಏಕಾದಶಿ ಮರುದಿನ ಬಂದಿತು. ಸೊಸೆ ತವರಿನ ರೂಢಿಯಂತೆ ಮೊದಲ ದಿನ ಉಪವಾಸವಿದ್ದಳು, ಅತ್ತೆ ಮರುದಿನ. ‘ಈ ಮನೆಗೆ ಬಂದ ಮೇಲೆ ಈ ಮನೆಯ ಏಕಾದಶಿ’ ಎಂದು ಅತ್ತೆ. ‘ತಾಳಿ ಕಟ್ಟಿದವರು ತಿಥಿಯನ್ನೂ ಕಟ್ಟಿದರೇ ಅತ್ತೆಯವರೇ?’ ಎಂದು ಸೊಸೆ. ಅಂದಿನಿಂದ ಅಡಿಗೆಯ ಮನೆಯಲ್ಲಿ ಪಾತ್ರೆಗಳ ಸಪ್ಪಳ ಹೆಚ್ಚಿದೆ, ಮಾತು ಕಡಮೆಯಾಗಿದೆ. ‘ಎರಡರಲ್ಲಿ ಯಾವ ಏಕಾದಶಿ ನಿಜವಾದುದು? ಶಾಸ್ತ್ರವನ್ನು ಓದಿದ ತಾವು ತಿಳಿಸಬೇಕು’ ಎಂದು ಆ ಮಹನೀಯರು ಕೇಳಿದ್ದಾರೆ. ತಾವು ಮಾತ್ರ ಪಿತ್ತಪ್ರಕೃತಿಯವರಾದುದರಿಂದ ಎರಡು ದಿನವೂ ಊಟ ಮಾಡಿದುದಾಗಿ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ.

ಮೊದಲು ಲೆಕ್ಕದ ಮಾತನ್ನು ಮುಗಿಸಿಬಿಡೋಣ. ಒಂದು ಘಳಿಗೆಯೆಂದರೆ ೨೪ ನಿಮಿಷ. ಸೂರ್ಯೋದಯಕ್ಕೆ ಮುಂಚಿನ ೪ ಘಳಿಗೆ, ಅಂದರೆ ೯೬ ನಿಮಿಷಗಳ ಅವಧಿಗೆ ಅರುಣೋದಯವೆಂದು ಹೆಸರು. ಆ ಅವಧಿಯಲ್ಲಿ ದಶಮಿಯು ಸ್ವಲ್ಪವಾದರೂ ಸೋಂಕಿದ್ದರೆ ಆ ದಿನದ ಏಕಾದಶಿಯು ವೈಷ್ಣವರಿಗೆ ವರ್ಜ್ಯ; ಅವರು ಮರುದಿನ ಉಪವಾಸ ಮಾಡುವರು. ಸ್ಮಾರ್ತರು ಸೂರ್ಯೋದಯವನ್ನೇ ಹಿಡಿದು ಲೆಕ್ಕ ಮಾಡುವರು. ಚಂದ್ರನೊಬ್ಬನೇ, ತಿಥಿಯೊಂದೇ, ದಿನದ ಬಾಗಿಲನ್ನು ಎಲ್ಲಿಂದ ತೆರೆಯಬೇಕೆಂಬುದರಲ್ಲಿ ವ್ಯತ್ಯಾಸ. ಜೀವನೂ ಈಶ್ವರನೂ ಒಂದೋ ಬೇರೆಯೋ ಎಂಬ ಮಹಾಪ್ರಶ್ನೆಗೂ ಈ ೪ ಘಳಿಗೆಗಳಿಗೂ ನೇರವಾದ ಸಂಬಂಧವನ್ನು ನಾವು ಕಾಣೆವು. ವಿಶಿಷ್ಟಾದ್ವೈತಿಗಳಾದ ಶ್ರೀವೈಷ್ಣವರು ದ್ವೈತವನ್ನು ಒಪ್ಪುವುದಿಲ್ಲ. ಆದರೂ ದಶಮಿಯ ಸೋಂಕನ್ನು ಅವರೂ ಒಲ್ಲರು. ಆದುದರಿಂದ ಶಿಗ್ಗಾವಿ ತಾಲೂಕಿನ ಆ ಅಡಿಗೆಯ ಮನೆಯಲ್ಲಿ ನಡೆದುದು ದ್ವೈತಾದ್ವೈತಗಳ ಜಗಳವಲ್ಲ, ಎರಡು ಪಂಚಾಂಗಗಳ ಜಗಳ.

ಹಾಗಾದರೆ ಮನೆಯಲ್ಲಿ ದರ್ಶನವು ಎಲ್ಲಿ ನೆಲೆಸಿದೆ? ದೇವರ ಜಗಲಿಯ ಮೇಲೆ ನೋಡಿರಿ ಎಂದು ನಮ್ಮ ಉತ್ತರ. ಸ್ಮಾರ್ತರ ಮನೆಯಲ್ಲಿ ಪಂಚಾಯತನ ಪೂಜೆ. ಶಿವ, ವಿಷ್ಣು, ದೇವಿ, ಸೂರ್ಯ, ಗಣಪತಿ ಎಂಬ ಐವರಲ್ಲಿ ಮನೆಯವರ ಇಷ್ಟದೇವತೆ ನಡುವೆ. ಉಳಿದ ನಾಲ್ವರು ಸುತ್ತಲೂ. ಒಂದು ಮನೆಯಲ್ಲಿ ನಡುವೆ ಶಿವನಿದ್ದರೆ ಪಕ್ಕದ ಮನೆಯಲ್ಲಿ ವಿಷ್ಣು ಇರಬಹುದು, ಯಾರಿಗೂ ಬಾಧಕವಿಲ್ಲ. ಐವರೂ ನಿರ್ಗುಣವಾದ ಒಂದೇ ಬ್ರಹ್ಮದ ಸಗುಣ ರೂಪಗಳೆಂದು ತಿಳಿದವರಿಗೆ ಸ್ಥಾನಪಲ್ಲಟದಿಂದ ಏನು ಕೆಡುವುದು? ಶಂಕರಾಚಾರ್ಯರ ಭಾಷ್ಯವನ್ನು ಕಣ್ಣಿನಿಂದಲೂ ನೋಡದ ಅಜ್ಜಿಯೊಬ್ಬಳು ಪ್ರತಿದಿನ ಬೆಳಿಗ್ಗೆ ಐದು ಮೂರ್ತಿಗಳಿಗೆ ಒಂದೇ ಮನಸ್ಸಿನಿಂದ ಹೂವೇರಿಸುವಾಗ ಆ ಭಾಷ್ಯವು ಅವಳ ಕೈಯಲ್ಲಿರುತ್ತದೆ.

ಮಾಧ್ವರ ಮನೆಯಲ್ಲಿ ಹಾಗೆ ಮಾಡುವಂತಿಲ್ಲ. ಜೀವೇಶ್ವರರಿಗೆ ಭೇದ, ಜೀವಜೀವರಿಗೆ ಭೇದ, ಜೀವಜಡಗಳಿಗೆ, ಜಡಜಡಗಳಿಗೆ, ಜಡೇಶ್ವರರಿಗೆ ಭೇದ. ಈ ಐದೂ ಸತ್ಯ. ಭೇದವು ಸತ್ಯವಾದ ಮೇಲೆ ಮೇಲುಕೀಳುಗಳ ತಾರತಮ್ಯವೂ ಸತ್ಯ. ಆದುದರಿಂದ ನೈವೇದ್ಯವು ಮೊದಲು ಶ್ರೀಹರಿಗೆ. ಅವನಿಗೆ ಅರ್ಪಿತವಾದುದು ಲಕ್ಷ್ಮಿಗೆ, ಆಮೇಲೆ ಮುಖ್ಯಪ್ರಾಣದೇವರಿಗೆ, ಅನಂತರ ಉಳಿದವರಿಗೆ ಕ್ರಮವಾಗಿ. ಇಲ್ಲಿ ಸಾಲನ್ನು ಬದಲಾಯಿಸಿದರೆ ಸಿದ್ಧಾಂತವೇ ಬದಲಾಯಿತು. ಹೊರಗಿನವರು ಇದನ್ನು ಮಡಿಯ ಕಟ್ಟಳೆಯೆಂದು ನಗಬಹುದು. ಅದು ಮಡಿಯಲ್ಲ, ತತ್ತ್ವ.

ವೀರಶೈವರ ಮನೆಯ ಮಾತೇ ಬೇರೆ. ಅಲ್ಲಿ ದೇವರು ಜಗಲಿಯ ಮೇಲಿರುವುದಕ್ಕಿಂತ ಮೊದಲು ಎದೆಯ ಮೇಲಿದ್ದಾನೆ; ಪೂಜೆಗೆ ಅಂಗೈಯೇ ಪೀಠ. ಲಿಂಗಕ್ಕೆ ಅರ್ಪಿಸಿದ ಅನ್ನವು ಪ್ರಸಾದ. ಪ್ರಸಾದವನ್ನು ತಟ್ಟೆಯಲ್ಲಿ ಬಿಟ್ಟು ಕೈ ತೊಳೆಯುವಂತಿಲ್ಲ. ದೇಹವೇ ದೇಗುಲವಾದ ಮೇಲೆ ಅದಕ್ಕೆ ಮೈಲಿಗೆ ಎಲ್ಲಿಯದು? ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲವೆಂದು ಶರಣರು ಸಾರಿದುದು ಈ ನೋಟದಿಂದಲೇ. ಮನೆಯ ಹೆಣ್ಣುಮಗಳು ತಿಂಗಳ ಯಾವ ದಿನದಲ್ಲಿಯೂ ಲಿಂಗಪೂಜೆಯನ್ನು ನಿಲ್ಲಿಸಬೇಕಾದುದಿಲ್ಲವೆಂಬ ಈ ಒಂದು ಮಾತು ಗೃಹಿಣಿಯ ದಿನಚರಿಯನ್ನು ಎಷ್ಟು ಬದಲಾಯಿಸತಕ್ಕದ್ದೆಂಬುದನ್ನು ವಾಚಕಿಯರಿಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ. ರೂಢಿಯಲ್ಲಿ ಎಷ್ಟು ಮನೆಗಳು ಇದನ್ನು ಪಾಲಿಸುತ್ತವೆಯೆಂಬುದು ಬೇರೆ ಪ್ರಶ್ನೆ. ನಮ್ಮ ಹಂಸಭಾವಿಯ ಓಣಿಗಳಲ್ಲಿ ಎರಡೂ ಬಗೆಯನ್ನು ಕಂಡಿದ್ದೇವೆ.

ಇನ್ನೊಂದು ಕಡೆಯೂ ದರ್ಶನವು ಬಚ್ಚಿಟ್ಟುಕೊಂಡಿದೆ. ಅದು ಸಾವಿನ ಸುದ್ದಿಯ ಕಾಗದದಲ್ಲಿ. ಒಬ್ಬರು ‘ವೈಕುಂಠವಾಸಿ’ಗಳಾದರೆಂದು ಬರೆಯುವರು. ವಾಸಿ ಎಂದಾಗ ವಾಸಮಾಡುವವನು ಬೇರೆ, ಆ ಊರಿನ ಒಡೆಯನು ಬೇರೆ; ಸತ್ತ ಮೇಲೆಯೂ ಭೇದವು ಅಳಿಯಲಿಲ್ಲ. ಇನ್ನೊಬ್ಬರು ‘ಲಿಂಗೈಕ್ಯ’ರಾದರೆಂದು ಬರೆಯುವರು, ಅಲ್ಲಿ ಅಂಗವು ಲಿಂಗದಲ್ಲಿ ಒಂದಾಯಿತು. ಅದ್ವೈತಿಗಳಾದ ಯತಿಗಳು ‘ಬ್ರಹ್ಮೀಭೂತ’ರಾಗುವರು, ಬ್ರಹ್ಮವೇ ಆಗಿಬಿಡುವರು. ಮೂರು ಸಿದ್ಧಾಂತಗಳ ಸಾವಿರಾರು ಪುಟಗಳು ಒಂದೊಂದು ಶಬ್ದದಲ್ಲಿ ಅಡಗಿ ಕುಳಿತಿವೆ. ಆದರೆ ಮುದ್ರಣಾಲಯದವನು ಒಂದೇ ಮಾದರಿಯನ್ನು ಇಟ್ಟುಕೊಂಡು ಎಲ್ಲರನ್ನೂ ವೈಕುಂಠಕ್ಕೋ ಕೈಲಾಸಕ್ಕೋ ಕಳುಹಿಸುವುದನ್ನೂ, ಮನೆಯವರು ಅದನ್ನು ಗಮನಿಸದೆ ಹಂಚುವುದನ್ನೂ ನಾವು ನೋಡಿದ್ದೇವೆ.

ಇದಕ್ಕೆ ಪ್ರತಿಯಾಗಿ, ಚಾತುರ್ಮಾಸ್ಯದ ವ್ರತಗಳನ್ನು ನೋಡಿರಿ. ಮಾಧ್ವರ ಮನೆಗಳಲ್ಲಿ ಇವುಗಳಿಗೆ ಬಹಳ ಮನ್ನಣೆ. ಮೊದಲ ತಿಂಗಳು ಕಾಯಿಪಲ್ಯವಿಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯವಿಲ್ಲ. ನಾಲ್ಕು ತಿಂಗಳು ಅಡಿಗೆಯನ್ನು ರುಚಿಗೆಡದಂತೆ ನಡೆಸುವ ಗೃಹಿಣಿಯ ಜಾಣ್ಮೆಗೆ ನಾವು ಕೈಮುಗಿಯುತ್ತೇವೆ. ಈ ವ್ರತಗಳು ಇಂದ್ರಿಯನಿಗ್ರಹಕ್ಕೆ ಸಾಧನ, ಕುಲದ ಗುರುತು. ಬೇಳೆಯನ್ನು ಬಿಟ್ಟುದರಿಂದ ಪಂಚಭೇದವು ಸಿದ್ಧವಾಗುವುದಿಲ್ಲ. ನಾವು ಹೇಳಬೇಕೆಂದಿರುವುದು ಇಷ್ಟೇ: ಮನೆಯ ಆಚಾರಗಳಲ್ಲಿ ಕೆಲವು ‘ನಾವು ಹೀಗೆ ತಿಳಿದಿದ್ದೇವೆ’ ಎನ್ನುತ್ತವೆ, ಕೆಲವು ‘ನಾವು ಇಂಥವರು’ ಎನ್ನುತ್ತವೆ. ಎರಡಕ್ಕೂ ಬೆಲೆಯುಂಟು. ಒಂದನ್ನು ಇನ್ನೊಂದೆಂದು ತಿಳಿದಾಗ ಪಾತ್ರೆಗಳ ಸಪ್ಪಳ ಹೆಚ್ಚುವುದು.

ಇದು ನಮ್ಮ ನಾಡಿನದೊಂದೇ ವಿಚಿತ್ರವೆಂದು ತಿಳಿಯಬಾರದು. ಎರಡು ಸಾವಿರ ವರ್ಷಗಳ ಹಿಂದೆ ರೋಮನಗರದ ಗೃಹಸ್ಥರಲ್ಲಿಯೂ ‘ತಮ್ಮದು ಯಾವ ಪಂಥ?’ ಎಂಬ ಪ್ರಶ್ನೆಯಿತ್ತು. ಸ್ಟೋಯಿಕರೆಂಬವರು ಸದ್ಗುಣವೊಂದೇ ಶ್ರೇಯಸ್ಸು, ಐಶ್ವರ್ಯ ದಾರಿದ್ರ್ಯಗಳೆರಡೂ ಉದಾಸೀನ ಎನ್ನುತ್ತಿದ್ದರು. ಎಪಿಕ್ಯೂರಸನ ಅನುಯಾಯಿಗಳು ಲೋಕವು ಪರಮಾಣುಗಳ ಕೂಟ, ದೇವರುಗಳು ಮನುಷ್ಯರ ಗೋಜಿಗೆ ಬರುವವರಲ್ಲ, ನೋವಿಲ್ಲದ ನೆಮ್ಮದಿಯೇ ಪುರುಷಾರ್ಥ ಎನ್ನುತ್ತಿದ್ದರು. ನಮ್ಮ ವೈಶೇಷಿಕರ ಪರಮಾಣುವನ್ನೂ ಚಾರ್ವಾಕರ ಸುಖವನ್ನೂ ಬೆರಸಿದಂತೆ, ಆದರೆ ಸಾಲ ಮಾಡಿ ತುಪ್ಪ ಕುಡಿಯುವ ಸುಖವಲ್ಲ. ಇವರು ಗುರುವಿನ ಮುಖವನ್ನು ಉಂಗುರಗಳಲ್ಲಿಯೂ ಪಾನಪಾತ್ರೆಗಳಲ್ಲಿಯೂ ಕೆತ್ತಿಸಿಕೊಳ್ಳುತ್ತಿದ್ದರು. ಪ್ರತಿ ತಿಂಗಳ ೨೦ನೆಯ ದಿನ ಅವನ ಸ್ಮರಣೆಗೆ ಕೂಡಿ ಉಣ್ಣುತ್ತಿದ್ದರು. ನಮ್ಮಲ್ಲಿ ಮುದ್ರೆಯೂ ತಿಥಿಯೂ ಇರುವಂತೆ ಅವರಲ್ಲಿಯೂ. ಸತ್ತ ಮೇಲೆ ತಾನಿಲ್ಲ, ಇಲ್ಲವೆಂಬ ಕೊರಗೂ ತನಗಿಲ್ಲ ಎಂಬ ಅಭಿಪ್ರಾಯದ ವಾಕ್ಯವನ್ನು ಸಮಾಧಿಯ ಕಲ್ಲಿನ ಮೇಲೆ ಎಷ್ಟು ಜನ ಬರೆಯಿಸುತ್ತಿದ್ದರೆಂದರೆ, ಕಡೆಗೆ ಮೊದಲಕ್ಷರಗಳನ್ನು ಮಾತ್ರ ಕೊರೆದರೆ ಸಾಕಾಗುತ್ತಿತ್ತು.

ಅವರಲ್ಲಿಯೂ ನೆಂಟರಿಷ್ಟರೊಳಗೆ ಈ ಕುರಿತು ಹಾಸ್ಯಚಟಾಕಿಗಳು ನಡೆಯುತ್ತಿದ್ದುವು. ಕ್ರಿ. ಪೂ. ೫೩ರಲ್ಲಿ ಟ್ರೆಬೇಷಿಯಸನೆಂಬ ತರುಣ ವಕೀಲನು ಗಾಲ್ ದೇಶದಲ್ಲಿ ಸೀಸರನ ಪಾಳೆಯದಲ್ಲಿದ್ದಾಗ ಎಪಿಕ್ಯೂರಸನ ಪಂಥಕ್ಕೆ ಸೇರಿದನೆಂದು ಅವನ ಹಿರಿಯ ಮಿತ್ರ ಸಿಸೆರೋಗೆ ಸುದ್ದಿ ಬಂದಿತು. ಸಿಸೆರೋ ಬರೆದ ಕಾಗದದ ಸಾರಾಂಶವಿಷ್ಟು: ಎಲ್ಲವನ್ನೂ ಸ್ವಸುಖಕ್ಕಾಗಿ ಮಾಡುವವನು ನೀನಾದರೆ ಕಕ್ಷಿಗಾರನ ಹಕ್ಕನ್ನು ಹೇಗೆ ಕಾಯುವೆ? ಜುಪಿಟರನು ಯಾರ ಮೇಲೆಯೂ ಕೋಪಿಸಲಾರನೆಂದು ನಂಬಿದ ಮೇಲೆ ಜುಪಿಟರನ ಹೆಸರಿನಲ್ಲಿ ಹೇಗೆ ಆಣೆಯಿಡುವೆ? ನಗೆಯ ಮಾತಾದರೂ ಪ್ರಶ್ನೆ ತೂಕವುಳ್ಳದ್ದು. ನಿನ್ನ ಮತವು ನಿನ್ನ ನಿತ್ಯದ ಕೆಲಸದಲ್ಲಿ ಯಾವ ಎಳೆಯನ್ನು ಅಲುಗಿಸಿತು ಎಂದು ಅವನು ಕೇಳಿದನು. ಆ ಪ್ರಶ್ನೆಯನ್ನು ನಮ್ಮ ಪಡಸಾಲೆಗಳಲ್ಲಿ ಯಾರೂ ಕೇಳುತ್ತಿಲ್ಲವಲ್ಲ ಎಂಬುದೇ ನಮ್ಮ ವ್ಯಥೆ.

ಟ್ಯುಬೆರೋ ಎಂಬ ಸ್ಟೋಯಿಕನ ಕಥೆ ಇನ್ನೂ ಸ್ವಾರಸ್ಯವಾದುದು. ಕ್ರಿ. ಪೂ. ೧೨೯ರಲ್ಲಿ ಅವನ ಸೋದರಮಾವ, ಕಾರ್ಥೇಜನ್ನು ಗೆದ್ದ ಸಿಪಿಯೋ, ತೀರಿಕೊಂಡನು. ಶ್ರಾದ್ಧದ ಸಂತರ್ಪಣೆಗೆ ಊರಿಗೆ ಊರೇ ನೆರೆಯಿತು. ಆಸನಗಳ ಏರ್ಪಾಡು ಟ್ಯುಬೆರೋನದು. ಅವನು ಬಡ ಮರದ ಮಂಚಗಳ ಮೇಲೆ ಆಡಿನ ಚರ್ಮ ಹಾಸಿಸಿ, ಮಣ್ಣಿನ ಪಾತ್ರೆಗಳನ್ನಿರಿಸಿದನು. ವೈರಾಗ್ಯವು ಅವನದು, ಕುಳಿತು ಉಣ್ಣಬೇಕಾದವರು ಊರವರು! ಜನರು ಮರೆಯಲಿಲ್ಲ, ಮುಂದೆ ಅವನು ನ್ಯಾಯಾಧಿಕಾರಿಯ ಪದವಿಗೆ ನಿಂತಾಗ ಸೋಲಿಸಿದರು. ತನ್ನ ಹಾಸಿಗೆಯ ಮೇಲೆ ಆಡಿನ ಚರ್ಮವನ್ನು ಹಾಸಿಕೊಂಡಿದ್ದರೆ ಅದು ದರ್ಶನವಾಗುತ್ತಿತ್ತು. ಅತಿಥಿಯ ಕೆಳಗೆ ಹಾಸಿದುದರಿಂದ ಅದು ಜಿಪುಣತನವಾಗಿ ಕಂಡಿತು.

ಸೆನೆಕಾ ಎಂಬ ತತ್ತ್ವಜ್ಞನ ಮಾತು ಬೇರೆ. ತಾರುಣ್ಯದಲ್ಲಿ ಗುರುವಿನ ಉಪದೇಶ ಕೇಳಿ ಮಾಂಸಾಹಾರವನ್ನು ಬಿಟ್ಟು ಒಂದು ವರ್ಷ ನಡೆದನು. ಆಗ ಟೈಬೀರಿಯಸನ ಆಳಿಕೆ. ಪರದೇಶದ ಪೂಜಾವಿಧಿಗಳ ಮೇಲೆ ಸರಕಾರದ ಕಣ್ಣಿತ್ತು, ಕೆಲವು ಮಾಂಸಗಳನ್ನು ಬಿಡುವುದೇ ಅದಕ್ಕೆ ಕುರುಹೆಂದು ಎಣಿಸುತ್ತಿದ್ದರು. ತಂದೆ ಬೇಡಿಕೊಂಡನು, ಮಗನು ಮತ್ತೆ ಎಲ್ಲರಂತೆ ಉಂಡನು. ಒಳ್ಳೆಯ ಊಟಕ್ಕೆ ತನ್ನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲವೆಂದು ಮುದಿತನದಲ್ಲಿ ತನ್ನನ್ನೇ ನಗೆಯಾಡಿಕೊಂಡಿದ್ದಾನೆ. ಆದರೆ ಇನ್ನೊಬ್ಬ ಗುರುವಿನಿಂದ ಕಲಿತ ಗಟ್ಟಿ ಹಾಸಿಗೆಯನ್ನು ಅವನು ಕಡೆಯವರೆಗೂ ಬಿಡಲಿಲ್ಲ. ತಟ್ಟೆಯು ಮನೆಯವರೆಲ್ಲರ ಕಣ್ಣಿಗೆ ಬೀಳುವುದು. ಹಾಸಿಗೆಯ ಗಡಸು ಮಲಗಿದವನಿಗೆ ಮಾತ್ರ ಗೊತ್ತು.

ಸ್ತ್ರೀಯರ ಸಂಗತಿಯನ್ನೂ ಹೇಳಬೇಕು. ಫನ್ನಿಯಾ ಎಂಬವಳ ಅಜ್ಜಿಯೂ ತಾಯಿಯೂ ಧೈರ್ಯಕ್ಕೆ ಹೆಸರಾದವರು. ತಂದೆಯೂ ಪತಿಯೂ ಸ್ಟೋಯಿಕರು, ಚಕ್ರವರ್ತಿಗಳಿಗೆ ತಲೆಬಾಗದೆ ಪ್ರಾಣ ತೆತ್ತವರು. ಪತಿಯೊಡನೆ ಅವಳು ಎರಡು ಸಲ ದೇಶಭ್ರಷ್ಟಳಾದಳು. ಪತಿಯ ಚರಿತ್ರೆಯನ್ನು ಬರೆಯಿಸಿದುದಕ್ಕಾಗಿ ಕ್ರಿ. ಶ. ೯೩ರಲ್ಲಿ ಮೂರನೆಯ ಸಲ. ಸುಡಬೇಕೆಂದು ಸೆನೆಟ್ ಸಭೆಯು ಆಜ್ಞೆ ಮಾಡಿದ ಆ ಪುಸ್ತಕಗಳನ್ನೇ ಅವಳು ಜೊತೆಯಲ್ಲಿ ಕೊಂಡೊಯ್ದಳು. ಗಂಡನ ಮನೆಯ ದರ್ಶನವು ಅವಳಿಗೆ ಸಪ್ಪೆಯಾದ ಕಟ್ಟಳೆಯಾಗಿರಲಿಲ್ಲ. ಅವಳು ಅದನ್ನು ತಾನೇ ಒಪ್ಪಿದ್ದಳು.

ರೋಮನರಿಗೂ ನಮಗೂ ಇರುವ ದೊಡ್ಡ ಅಂತರ ಇಲ್ಲಿಯೇ ಎಂದು ಯಾರಾದರೂ ಹೇಳಬಹುದು: ಅವರು ಆರಿಸಿಕೊಳ್ಳುತ್ತಿದ್ದರು, ನಾವು ಹುಟ್ಟಿಬರುತ್ತೇವೆ. ಈಚಿನ ಶತಮಾನಗಳ ಮಟ್ಟಿಗೆ ಇದು ಬಹುಮಟ್ಟಿಗೆ ನಿಜ. ಆದರೆ ನಮ್ಮ ದರ್ಶನಗಳ ಆರಂಭದಲ್ಲಿ ಹಾಗಿರಲಿಲ್ಲ. ಮಧ್ವಾಚಾರ್ಯರು ತಮಗೆ ಸಂನ್ಯಾಸವನ್ನು ಕೊಟ್ಟ ಅಚ್ಯುತಪ್ರೇಕ್ಷರ ಅದ್ವೈತಪಾಠವನ್ನು ಒಪ್ಪಲಿಲ್ಲ. ಕುಂಬಳೆ ಸೀಮೆಯ ತ್ರಿವಿಕ್ರಮ ಪಂಡಿತರು ಆಚಾರ್ಯರೊಡನೆ ಹದಿನೈದು ದಿನ ವಾದ ಮಾಡಿದರೆಂದೂ, ಸೋತು ಶಿಷ್ಯರಾದರೆಂದೂ ಪರಂಪರೆ. ಅವರೇ ಮುಂದೆ ಆಚಾರ್ಯರ ಸೂತ್ರಭಾಷ್ಯಕ್ಕೆ ‘ತತ್ತ್ವಪ್ರದೀಪ’ವೆಂಬ ಟೀಕೆಯನ್ನು ಬರೆದರು, ಅವರ ಮಗ ನಾರಾಯಣ ಪಂಡಿತರು ‘ಸುಮಧ್ವವಿಜಯ’ವನ್ನು ರಚಿಸಿದರು. ಮತವು ತಂದೆಗೆ ಮನನದಿಂದ ಬಂದಿತು, ಮಗನಿಗೆ ತಂದೆಯಿಂದ ಬಂದಿತು. ಇಂದು ಜನ್ಮದಿಂದ ಮಾಧ್ವರೆನ್ನುವ ಎಷ್ಟೋ ಮನೆಗಳ ಮೂಲದಲ್ಲಿ ಹೀಗೆ ಒಬ್ಬ ಆಲೋಚಿಸಿದವನು ಕುಳಿತಿರುತ್ತಾನೆ.

ನಮ್ಮ ಸೀಮೆಯನ್ನೇ ನೋಡಿರಿ. ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಸೋಮೇಶ್ವರ ದೇವಾಲಯವಿದೆ. ಸುಮಾರು ಕ್ರಿ. ಶ. ೧೨೦೦ರ ಅಲ್ಲಿಯ ಶಾಸನವು ಏಕಾಂತದ ರಾಮಯ್ಯನೆಂಬ ಶೈವನು ಸಂಕಗಾವುಂಡನೇ ಮೊದಲಾದ ಜೈನರೊಡನೆ ಪಣವೊಡ್ಡಿ, ತನ್ನ ತಲೆಯನ್ನು ಅರಿದುಕೊಂಡು ಮರಳಿ ಪಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟನೆಂದೂ ಹೇಳುತ್ತದೆ. ಜಿನಮೂರ್ತಿಯನ್ನು ಒಡೆದ ಸಂಗತಿಯನ್ನೂ ಹೇಳುತ್ತದೆ. ಆ ನಿಷ್ಠೆಯ ತೀವ್ರತೆಗೆ ಬೆರಗಾಗುತ್ತೇವೆ. ಆದರೆ ಗೃಹಸ್ಥರ ಮೇಲ್ಪಂಕ್ತಿಗೆ ಅದು ತಕ್ಕುದೆಂದು ನಮಗೆ ತೋರುವುದಿಲ್ಲ. ಒಡೆದ ಮೂರ್ತಿಯೂ ಯಾರದೋ ನಿತ್ಯಪೂಜೆಯದಾಗಿತ್ತಲ್ಲವೇ?

ಅದಕ್ಕಿಂತ ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಶರೀಫರನ್ನು ನಾವು ಹೆಚ್ಚಾಗಿ ನೆನೆಯುತ್ತೇವೆ. ೧೮೧೯ರಲ್ಲಿ ಮುಸಲ್ಮಾನರ ಮನೆಯಲ್ಲಿ ಜನಿಸಿ, ಕೆಲಕಾಲ ನಮ್ಮಂತೆಯೇ ಶಾಲೆಯ ಮಾಸ್ತರಿಕೆ ಮಾಡಿ, ಕಳಸದ ಬ್ರಾಹ್ಮಣ ಗೋವಿಂದಭಟ್ಟರನ್ನು ಗುರುವಾಗಿ ಆರಿಸಿಕೊಂಡರು. ಗುರುವು ಶಿಷ್ಯನಿಗೆ ಜನಿವಾರ ಹಾಕಿದನೆಂದು ಜನರು ಇಂದಿಗೂ ಹೇಳುವರು. ಎರಡೂ ಕಡೆಯವರು ಹುಬ್ಬುಗಂಟಿಕ್ಕಿದರು. ೧೮೮೯ರಲ್ಲಿ ಅವರು ತೀರಿಕೊಂಡಾಗ ಎರಡೂ ಕಡೆಯವರು ಕೂಡಿ ಅಂತ್ಯವಿಧಿಗಳನ್ನು ನಡೆಸಿದರೆಂದು ಪ್ರತೀತಿ. ಅದೇ ಸೀಮೆಯ ಸವಣೂರಿನಲ್ಲಿ, ನವಾಬರ ರಾಜಧಾನಿಯಲ್ಲಿ, ಉತ್ತರಾದಿಮಠದ ಸತ್ಯಬೋಧತೀರ್ಥರು ೧೭೮೩ರಲ್ಲಿ ಬೃಂದಾವನಸ್ಥರಾದರು. ಮಾಧ್ವಯಾತ್ರಿಕರು ಇಂದಿಗೂ ಅಲ್ಲಿಗೆ ಬರುತ್ತಾರೆ.

ಇನ್ನು ನಮ್ಮ ಕಾಗದದ ಮಹನೀಯರಿಗೆ. ಎರಡು ಏಕಾದಶಿಗಳೂ ನಿಜವಾದುವೇ. ಅವುಗಳಲ್ಲೊಂದನ್ನು ಸುಳ್ಳುಮಾಡುವ ಶಾಸ್ತ್ರವನ್ನು ನಾವು ಓದಿಲ್ಲ. ವಿವಾಹದಿಂದ ಗೋತ್ರವು ಬದಲಾಗುವುದೆಂಬುದೂ, ಸೊಸೆಯು ಪತಿಗೃಹದ ಆಚಾರವನ್ನು ಹಿಡಿಯುವುದು ರೂಢಿಯೆಂಬುದೂ ನಮಗೆ ತಿಳಿದ ವಿಷಯ. ಆ ರೂಢಿಯನ್ನು ತಾನಾಗಿಯೇ ಹಿಡಿಯಬೇಕೆಂದು ಆಕೆಗೆ ತೋರಿದರೆ ಸೆನೆಕಾನಂತೆ ನಗುತ್ತ ಹಿಡಿಯಲಿ; ಅದರಿಂದ ತವರಿಗೆ ದ್ರೋಹವಾಗದು. ಆದರೆ ಮನನವನ್ನು ಸಪ್ತಪದಿಯು ಬದಲಾಯಿಸಲಾರದು. ಅದನ್ನು ಬಲದಿಂದ ಕೇಳುವ ಅತ್ತೆಯವರು ಟ್ಯುಬೆರೋನ ಆಡಿನ ಚರ್ಮವನ್ನು ಹಾಸುತ್ತಿದ್ದಾರೆ. ದೇವರ ಜಗಲಿಯ ಮಾತು ಹೀಗಲ್ಲ. ಅಲ್ಲಿಯ ನೈವೇದ್ಯದ ಕ್ರಮವು ಆ ಮನೆಯ ಸಿದ್ಧಾಂತವೇ ಆಗಿರುವುದರಿಂದ ಸೊಸೆಯು ಅದನ್ನು ಚಾಚೂ ತಪ್ಪದೆ ನಡೆಸತಕ್ಕದ್ದು. ಜಗಲಿ ಮನೆಯದು, ಹೊಟ್ಟೆ ಆಕೆಯದು.

ಇಷ್ಟು ದೀರ್ಘವಾದ ಕಾಗದದಲ್ಲಿ ಅತ್ತೆ ಸೊಸೆಯರು ಒಬ್ಬರನ್ನೊಬ್ಬರು ‘ಏಕೆ?’ ಎಂದು ಒಮ್ಮೆಯಾದರೂ ಕೇಳಿದ ಸೂಚನೆ ನಮಗೆ ಕಾಣಲಿಲ್ಲ. ಮೊದಲು ಹರಿಗೆ, ಆಮೇಲೆ ಪ್ರಾಣದೇವರಿಗೆ ಏಕೆಂದು ಅತ್ತೆಯವರು ಹೇಳಲಿ. ತವರಿನಲ್ಲಿ ಐವರನ್ನು ಕೂಡಿಸಿ ಏಕೆ ಪೂಜಿಸುತ್ತಿದ್ದರೆಂದು ಸೊಸೆ ಹೇಳಲಿ. ಇಬ್ಬರಿಗೂ ಉತ್ತರ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಲಿ. ಹುಡುಕುವಾಗ ಜಗಳವಾದರೆ ಆ ಜಗಳಕ್ಕೆ ಒಂದು ಘನತೆಯಿರುವುದು.

ಉಳಿದುದು ಪಾರಣೆಯ ತೊಡಕು. ಮುಂದೆ ಎರಡು ಏಕಾದಶಿಗಳು ಬಂದಾಗ ಮೊದಲ ದಿನ ಸೊಸೆಗೆ ಉಪವಾಸ, ಅತ್ತೆಯವರಿಗೆ ದಶಮಿಯ ಒಪ್ಪೊತ್ತು. ಆ ಒಂದು ಹೊತ್ತಿನ ಅಡಿಗೆಯನ್ನು ಸೊಸೆ ಮಾಡಿಯಾಳು. ಮೂರನೆಯ ದಿನ ಬೆಳಿಗ್ಗೆ ಅತ್ತೆಯವರ ಪಾರಣೆಗೂ ಆಕೆಯೇ ಒದಗಿಯಾಳು. ನಡುವಣ ದಿನವೇ ಕಷ್ಟ: ಸೊಸೆಗೆ ಪಾರಣೆ, ಅತ್ತೆಯವರಿಗೆ ನಿರಾಹಾರ. ಹಿಂದಿನ ದಿನ ಉಪವಾಸವಿದ್ದವಳು ತನಗಾಗಿ ತಾನೇ ಒಲೆಯ ಮುಂದೆ ನಿಲ್ಲಬೇಕೋ, ಅಂದು ಉಪವಾಸವಿರುವ ಹಿರಿಯರು ನಿಲ್ಲಬೇಕೋ? ಎರಡು ದಿನವೂ ಉಂಡವರು ಆ ಮನೆಯಲ್ಲಿ ಒಬ್ಬರಿದ್ದಾರೆ. ಅನ್ನಕ್ಕೆ ನೀರಿಡುವುದೂ ಅಗಸೆಯ ಸೊಪ್ಪನ್ನು ಬಿಡಿಸುವುದೂ ಪಿತ್ತಪ್ರಕೃತಿಗೆ ಬಾಧಕವೆಂದು ಯಾವ ವೈದ್ಯಗ್ರಂಥದಲ್ಲಿಯೂ ನಾವು ಕಂಡಿಲ್ಲ.